ಹತ್ತಂಕಿಯ ಒಂದು ಸಂಖ್ಯೆಯನ್ನು ಒರೆಗೆ ಹಚ್ಚುವುದು ಹೇಗೆ: 4294967297ರ ಸಮಗ್ರ ಮಾರ್ಗದರ್ಶಿ

ದೊಡ್ಡ ಸಂಖ್ಯೆಯೊಂದು ಎದುರಿಗೆ ಬಂದಾಗ ಹೆಚ್ಚಿನವರು ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಒಂದೋ ಕಂಪ್ಯೂಟರಿಗೆ ಕೊಟ್ಟು ಉತ್ತರ ತೆಗೆದುಕೊಳ್ಳುತ್ತಾರೆ, ಇಲ್ಲವೇ 2, 3, 5, 7 ಎಂದು ಸಾಲಾಗಿ ಭಾಗಿಸುತ್ತಾ ಕೂರುತ್ತಾರೆ. ಮೊದಲನೆಯ ದಾರಿಯಲ್ಲಿ ಉತ್ತರ ಸಿಗುತ್ತದೆ, ಕಾರಣ ಸಿಗುವುದಿಲ್ಲ. ಎರಡನೆಯದರಲ್ಲಿ ಅರ್ಧ ದಾರಿಗೇ ತಾಳ್ಮೆ ಮುಗಿಯುತ್ತದೆ. ಇವೆರಡರ ನಡುವೆ ಇನ್ನೊಂದು ದಾರಿ ಇದೆ: ಸಂಖ್ಯೆಯ ಆಕಾರವನ್ನು ಮೊದಲು ಗುರುತಿಸಿ, ಆ ಆಕಾರವನ್ನೇ ಉಪಕರಣವಾಗಿ ಬಳಸುವುದು. ಈ ದಾರಿಯನ್ನು ಕಲಿಯಲು 4294967297ಕ್ಕಿಂತ ಒಳ್ಳೆಯ ಸಂಖ್ಯೆ ನನಗೆ ತಿಳಿದಿಲ್ಲ.

1640ರಲ್ಲಿ ಫ್ರೆಂಚ್ ಗಣಿತಜ್ಞ ಪಿಯರ್ ದ ಫರ್ಮಾ ತನ್ನ ಪತ್ರಗಳಲ್ಲಿ ಒಂದು ನಂಬಿಕೆಯನ್ನು ಬರೆದ. 2ರ ಮೇಲೆ 1, 2, 4, 8, 16, 32 ಹೀಗೆ ಇಮ್ಮಡಿಯಾಗುತ್ತಾ ಹೋಗುವ ಘಾತಗಳನ್ನಿಟ್ಟು ಒಂದನ್ನು ಕೂಡಿಸಿದರೆ ಬರುವುದೆಲ್ಲ ಅವಿಭಾಜ್ಯ ಸಂಖ್ಯೆ ಎಂಬುದು ಆ ನಂಬಿಕೆ. 3, 5, 17, 257, 65537 ಇವು ಐದೂ ನಿಜಕ್ಕೂ ಅವಿಭಾಜ್ಯಗಳೇ. ಆರನೆಯದೇ ನಮ್ಮ ಸಂಖ್ಯೆ, 2³² + 1. 1729ರಲ್ಲಿ ಗೋಲ್ಡ್‌ಬಾಕ್ ಈ ಮಾತನ್ನು ಆಯ್ಲರ್‌ನ ಗಮನಕ್ಕೆ ತಂದ. 1732ರಲ್ಲಿ ಆಯ್ಲರ್ ಇದಕ್ಕೆ ಭಾಜಕವೊಂದಿದೆ ಎಂದು ತೋರಿಸಿದ. ಆ ಭಾಜಕವನ್ನು ನಾವೂ ನಮ್ಮ ಕೈಯಿಂದಲೇ ಹುಡುಕೋಣ. ಕಾಗದ, ಪೆನ್ಸಿಲ್, ಬೇಕಿದ್ದರೆ ಒಂದು ಕ್ಯಾಲ್ಕುಲೇಟರ್ ಇದ್ದರೆ ಸಾಕು. ಗುಣಾಕಾರ, ಭಾಗಾಕಾರ, ಶೇಷ ಇವು ಗೊತ್ತಿದ್ದವರು ಯಾರೂ ಇದನ್ನು ಮಾಡಬಹುದು.

ಹಂತ 1: ಗಾತ್ರವನ್ನು ಅಳೆಯಿರಿ

ಮೊದಲು ಸಂಖ್ಯೆಯನ್ನು ಬಿಡಿಸಿ ಓದಿ: 429 ಕೋಟಿ 49 ಲಕ್ಷ 67 ಸಾವಿರದ 297. ನಂತರ ವರ್ಗಮೂಲ ನೋಡಿ. 65536ರ ವರ್ಗ 4294967296. ನಮ್ಮದು ಅದಕ್ಕಿಂತ ಸರಿಯಾಗಿ ಒಂದು ಹೆಚ್ಚು. ಹಾಗಾಗಿ ವರ್ಗಮೂಲ 65536ಕ್ಕಿಂತ ಕೂದಲೆಳೆಯಷ್ಟು ಮಾತ್ರ ದೊಡ್ಡದು.

ಸಂಖ್ಯೆಯೊಂದು ಸಂಯುಕ್ತವಾಗಿದ್ದರೆ ಅದರ ವರ್ಗಮೂಲವನ್ನು ಮೀರದ ಅವಿಭಾಜ್ಯ ಭಾಜಕವೊಂದು ಇರಲೇಬೇಕು. ಅಂದರೆ 65536ರವರೆಗಿನ ಅವಿಭಾಜ್ಯಗಳನ್ನು ಪರೀಕ್ಷಿಸಿದರೆ ತೀರ್ಮಾನ ಖಚಿತ. ಆದರೆ ಅವು 6542 ಇವೆ. ಕೈಯಲ್ಲಿ ಅಷ್ಟು ಭಾಗಾಕಾರ ಮಾಡುವುದೆಂದರೆ ಗುಡ್ಡ ಅಗೆದು ಇಲಿ ಹಿಡಿಯುವ ಕೆಲಸ. ಈ 6542 ಎಂಬ ಅಂಕೆಯನ್ನು ನೆನಪಿಟ್ಟುಕೊಳ್ಳಿ. ಮುಂದಿನ ಹಂತಗಳಲ್ಲಿ ಅದು ಹೇಗೆ ಕುಗ್ಗುತ್ತದೆ ಎಂಬುದೇ ಈ ಲೇಖನದ ಜೀವಾಳ.

ಪ್ರೋಗ್ರಾಂ ಬರೆದು ಪರೀಕ್ಷಿಸುವವರು ಒಂದು ಎಚ್ಚರಿಕೆ ವಹಿಸಬೇಕು. ದ್ವಿಮಾನ ಪದ್ಧತಿಯಲ್ಲಿ ಈ ಸಂಖ್ಯೆ ಎಂದರೆ ಒಂದು 1, ಅದರ ಹಿಂದೆ 31 ಸೊನ್ನೆ, ಕೊನೆಗೆ ಮತ್ತೊಂದು 1; ಒಟ್ಟು 33 ಬಿಟ್. 32 ಬಿಟ್‌ನ ಚಿಹ್ನೆರಹಿತ ಜಾಗದಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 4294967295. ಅಲ್ಲಿ ನಮ್ಮ ಸಂಖ್ಯೆಯನ್ನು ಇಟ್ಟರೆ ತಲೆಯ ಬಿಟ್ ಕಳೆದುಹೋಗಿ 1 ಮಾತ್ರ ಉಳಿಯುತ್ತದೆ, ಮುಂದಿನ ಲೆಕ್ಕವೆಲ್ಲ ತಪ್ಪಾಗುತ್ತದೆ. 64 ಬಿಟ್‌ನ ಜಾಗ ಬಳಸಿ.

ಹಂತ 2: ಚಿಕ್ಕ ಭಾಜಕಗಳನ್ನು ಅಂಕಿಗಳಿಂದಲೇ ತಳ್ಳಿಹಾಕಿ

ಕೊನೆಯ ಅಂಕಿ 7, ಆದ್ದರಿಂದ 2 ಮತ್ತು 5 ಭಾಜಕಗಳಲ್ಲ. ಅಂಕಿಗಳ ಮೊತ್ತ 4+2+9+4+9+6+7+2+9+7 = 59. 59ರ ಅಂಕಿಗಳನ್ನು ಕೂಡಿಸಿದರೆ 14, ಮತ್ತೆ ಕೂಡಿಸಿದರೆ 5. 9ರಿಂದ ಭಾಗಿಸಿದರೆ ಶೇಷ 5, 3 ಭಾಜಕವಲ್ಲ. ಈ 5 ಮುಂದೆ ತಾಳೆ ನೋಡಲು ಬೇಕಾಗುತ್ತದೆ, ಒಂದು ಮೂಲೆಯಲ್ಲಿ ಬರೆದಿಡಿ.

7, 11, 13 ಈ ಮೂರನ್ನೂ ಒಂದೇ ಏಟಿಗೆ ಪರೀಕ್ಷಿಸಬಹುದು, ಏಕೆಂದರೆ 7 × 11 × 13 = 1001. ಬಲದಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ, ಒಂದನ್ನು ಕೂಡಿಸುತ್ತಾ ಒಂದನ್ನು ಕಳೆಯುತ್ತಾ ಹೋಗಿ: 297 − 967 + 294 − 4 = −380. ಈಗ ಹತ್ತಂಕಿಯ ಸಂಖ್ಯೆಯ ಬದಲು 380 ಒಂದನ್ನು ನೋಡಿದರೆ ಸಾಕು. ಅದು 7ರಿಂದಲೂ ಹೋಗುವುದಿಲ್ಲ, 11ರಿಂದಲೂ ಇಲ್ಲ, 13ರಿಂದಲೂ ಇಲ್ಲ.

ಅಂಕಿಗಳ ಉಪಾಯ ಇಲ್ಲಿಗೆ ಮುಗಿಯಿತು. 17ಕ್ಕೆ, 19ಕ್ಕೆ ಕೂಡ ಇಂಥ ನಿಯಮಗಳಿವೆಯಾದರೂ ಅವುಗಳ ಬೆನ್ನು ಹತ್ತುವುದರಲ್ಲಿ ಲಾಭವಿಲ್ಲ. ಅಂಕಿಗಳು ಹತ್ತರ ಮೇಲೆ ನಿಂತ ನಮ್ಮ ಬರವಣಿಗೆಯ ಗುರುತುಗಳು ಮಾತ್ರ. ಸಂಖ್ಯೆಯ ಒಳಗಿನ ಗುಣ ಬೇರೆಡೆ ಇರುತ್ತದೆ.

ಹಂತ 3: ಆಕಾರವನ್ನು ಗುರುತಿಸಿ

ನಿಮ್ಮ ಕೈಗೆ ಯಾವುದೇ ದೊಡ್ಡ ಸಂಖ್ಯೆ ಸಿಕ್ಕರೂ ಅದರ ಹಿಂದಿನ ಮತ್ತು ಮುಂದಿನ ಸಂಖ್ಯೆಗಳನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ಯಾವುದಾದರೂ ಸಂಖ್ಯೆಯ ವರ್ಗ, ಘನ ಅಥವಾ 2ರ ಘಾತ ಪಕ್ಕದಲ್ಲೇ ಇದ್ದರೆ ಅರ್ಧ ಕೆಲಸ ಆದಂತೆ. ಇಲ್ಲಿ ಹಿಂದಿನದು 2³². ಇನ್ನೊಂದು ಹೆಜ್ಜೆ ಹಿಂದೆ ಹೋದರೆ 4294967295 ಇದೆ. ಅದನ್ನು ಹೀಗೆ ಕಟ್ಟಬಹುದು:

3 × 5 = 15, ಅದು 17ಕ್ಕಿಂತ 2 ಕಡಿಮೆ.
15 × 17 = 255, ಅದು 257ಕ್ಕಿಂತ 2 ಕಡಿಮೆ.
255 × 257 = 65535, ಅದು 65537ಕ್ಕಿಂತ 2 ಕಡಿಮೆ.
65535 × 65537 = 4294967295, ಅದು ನಮ್ಮ ಸಂಖ್ಯೆಗಿಂತ 2 ಕಡಿಮೆ.

ಅಂದರೆ ಫರ್ಮಾನ ಮೊದಲ ಐದು ಸಂಖ್ಯೆಗಳ ಗುಣಲಬ್ಧಕ್ಕೆ 2 ಕೂಡಿಸಿದರೆ ಆರನೆಯದು. ಹಾಗಾಗಿ 3, 5, 17, 257, 65537 ಇವುಗಳಲ್ಲಿ ಯಾವುದರಿಂದ ಭಾಗಿಸಿದರೂ ಶೇಷ 2. ಒಂದು ಭಾಗಾಕಾರವನ್ನೂ ಮಾಡದೆ ಐದು ಅವಿಭಾಜ್ಯಗಳು ಪಟ್ಟಿಯಿಂದ ಹೊರಬಿದ್ದವು.

ಹಂತ 4: ಭಾಜಕದ ಆಕಾರವನ್ನು ಕಂಡುಹಿಡಿಯಿರಿ

ಇಡೀ ವಿಧಾನದ ತಿರುಳು ಇಲ್ಲಿದೆ, ನಿಧಾನವಾಗಿ ಓದಿ.

ಒಂದು ಅವಿಭಾಜ್ಯವನ್ನು ಹಿಡಿದು 2ರ ಘಾತಗಳನ್ನು ಅದರಿಂದ ಭಾಗಿಸುತ್ತಾ ಶೇಷಗಳನ್ನು ಬರೆಯಿರಿ. 17ನ್ನು ತೆಗೆದುಕೊಂಡರೆ ಶೇಷಗಳು 2, 4, 8, 16, 15, 13, 9, 1. ಮತ್ತೆ 2, 4, 8… ಎಂದು ಸುತ್ತು ಮೊದಲಾಗುತ್ತದೆ. ಸುತ್ತಿನ ಉದ್ದ 8. ಸುತ್ತಿನ ನಟ್ಟನಡುವೆ 16 ಇದೆ. 17ರ ಲೆಕ್ಕದಲ್ಲಿ 16 ಎಂದರೆ −1. ಫರ್ಮಾನ ಪ್ರಸಿದ್ಧ ಪ್ರಮೇಯವೊಂದರ ಪ್ರಕಾರ ಈ ಸುತ್ತಿನ ಉದ್ದ ಯಾವಾಗಲೂ ಅವಿಭಾಜ್ಯಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುತ್ತದೆ. 8 ಎಂಬುದು 16ನ್ನು ಭಾಗಿಸುತ್ತದೆ, ಸರಿ.

ಈಗ p ಎಂಬ ಅವಿಭಾಜ್ಯ ನಮ್ಮ ಸಂಖ್ಯೆಯನ್ನು ಭಾಗಿಸುತ್ತದೆ ಎಂದುಕೊಳ್ಳಿ. ಆಗ 2³²ರ ಶೇಷ −1. ಅದರ ವರ್ಗವಾದ 2⁶⁴ರ ಶೇಷ 1. ಸುತ್ತು 64ರಲ್ಲಿ ಮುಗಿಯುತ್ತದೆ, 32ರಲ್ಲಿ ಮುಗಿದಿಲ್ಲ. 64ರ ಭಾಜಕಗಳಲ್ಲಿ 32ನ್ನು ಭಾಗಿಸದೆ ಇರುವುದು 64 ಒಂದೇ. ಆದ್ದರಿಂದ ಸುತ್ತಿನ ಉದ್ದ ಸರಿಯಾಗಿ 64, ಮತ್ತು ಅದು p − 1ನ್ನು ಭಾಗಿಸಬೇಕು. ಹಾಗಾದರೆ p ಎಂಬುದು 64ರ ಯಾವುದೋ ಗುಣಕಕ್ಕೆ 1 ಕೂಡಿಸಿದ ಸಂಖ್ಯೆ.

65, 129, 193, 257, 321, 385, 449, 513, 577, 641… ಇದು ಪಟ್ಟಿ. ಇವುಗಳಲ್ಲಿ ಅವಿಭಾಜ್ಯಗಳು 193, 257, 449, 577, 641. 257 ಹಿಂದಿನ ಹಂತದಲ್ಲೇ ಹೊರಗೆ ಹೋಗಿದೆ. ಆರು ಸಾವಿರಕ್ಕೂ ಮಿಕ್ಕ ಪರೀಕ್ಷೆಗಳು ಎಲ್ಲಿ, ಈ ನಾಲ್ಕು ಎಲ್ಲಿ!

1878ರಲ್ಲಿ ಎಡ್ವರ್ಡ್ ಲ್ಯೂಕಾ ಇದನ್ನು ಇನ್ನೂ ಬಿಗಿಗೊಳಿಸಿದ: ಭಾಜಕ 128ರ ಗುಣಕಕ್ಕೆ 1 ಕೂಡಿಸಿದ ಸಂಖ್ಯೆಯೇ ಆಗಿರಬೇಕು. ಕಾರಣ ಸರಳ. 16776960 ಎಂಬ ಸಂಖ್ಯೆಯನ್ನು, ಅಂದರೆ 2²⁴ − 2⁸ನ್ನು ವರ್ಗ ಮಾಡಿ ನಮ್ಮ ಸಂಖ್ಯೆಯಿಂದ ಭಾಗಿಸಿದರೆ ಶೇಷ 2 ಬರುತ್ತದೆ. 2ಕ್ಕೆ 64ರ ಸುತ್ತಾದರೆ, ವರ್ಗ ಮಾಡಿದಾಗ 2 ಕೊಡುವ ಈ ಸಂಖ್ಯೆಗೆ 128ರ ಸುತ್ತು. ಹೀಗೆ ನೋಡಿದರೆ 129, 257, 385, 513, 641 ಎಂಬ ಸಾಲಿನಲ್ಲಿ 257 ಮತ್ತು 641 ಮಾತ್ರ ಅವಿಭಾಜ್ಯಗಳು, 257 ಆಗಲೇ ಹೋಗಿದೆ. ಮೊದಲ ಪ್ರಯತ್ನದಲ್ಲೇ ನೀವು 641ರ ಮುಂದೆ ನಿಲ್ಲುತ್ತೀರಿ.

ಹಂತ 5: ಭಾಗಿಸಿ ನೋಡಿ, ಎರಡು ರೀತಿಯಲ್ಲಿ

ಮೊದಲ ರೀತಿಯಲ್ಲಿ ಹತ್ತಂಕಿಯ ಸಂಖ್ಯೆಯನ್ನು ಮುಟ್ಟುವುದೇ ಬೇಡ. 65536ರ ಶೇಷ ತೆಗೆದು, ಅದನ್ನು ವರ್ಗ ಮಾಡಿ, 1 ಕೂಡಿಸಿದರೆ ಸಾಕು. 449ಕ್ಕೆ ಮಾಡಿ ನೋಡೋಣ: 65536ನ್ನು 449ರಿಂದ ಭಾಗಿಸಿದರೆ ಶೇಷ 431, ಅಂದರೆ ಪೂರ್ತಿಗೆ 18 ಕಡಿಮೆ. 18ರ ವರ್ಗ 324, ಒಂದು ಕೂಡಿಸಿದರೆ 325. ಸೊನ್ನೆ ಬರಲಿಲ್ಲ, 449 ಭಾಜಕವಲ್ಲ. ಇದೇ ರೀತಿ 193ಕ್ಕೆ ಶೇಷ 109, 577ಕ್ಕೆ 288. ಈಗ 641: 65536ರಲ್ಲಿ 641 × 102 = 65382 ಕಳೆದರೆ 154. ಅದರ ವರ್ಗ 23716. ಒಂದು ಕೂಡಿಸಿ: 23717. ಅದು 641 × 37. ಶೇಷ ಸೊನ್ನೆ!

ಎರಡನೆಯದು ಶಾಲೆಯಲ್ಲಿ ಕಲಿತ ಉದ್ದ ಭಾಗಾಕಾರ. ಇದನ್ನು ಒಮ್ಮೆಯಾದರೂ ಕೈಯಾರೆ ಮಾಡಿ ಎಂದು ಒತ್ತಾಯಿಸುತ್ತೇನೆ. 4294ರಲ್ಲಿ 641 ಆರು ಬಾರಿ, ಉಳಿಕೆ 448. 9ನ್ನು ಇಳಿಸಿದರೆ 4489. ಏಳು ಬಾರಿ ಹೋಗಿ 2 ಉಳಿಯುತ್ತದೆ. 6 ಇಳಿಸಿದರೆ 26, ಹೋಗುವುದಿಲ್ಲ, ಸೊನ್ನೆ ಬರೆಯಿರಿ. 7 ಇಳಿಸಿದರೆ 267, ಮತ್ತೆ ಸೊನ್ನೆ. 2 ಇಳಿಸಿದರೆ 2672; ನಾಲ್ಕು ಬಾರಿ, ಉಳಿಕೆ 108. 9 ಇಳಿಸಿದರೆ 1089. ಒಂದು ಬಾರಿ, ಉಳಿಕೆ ಮತ್ತೆ 448. ಕೊನೆಯ 7 ಇಳಿದಾಗ 4487 ಆಗುತ್ತದೆ, ಅದು ಸರಿಯಾಗಿ 641 × 7. ಆರಂಭದಲ್ಲಿ ಬಂದ ಅದೇ 448 ಕೊನೆಯಲ್ಲಿ ಮರಳಿ ಬಂದು, ಆಗ ಎರಡು ಹೆಚ್ಚಾಗಿದ್ದದ್ದು ಈಗ ತಕ್ಕಷ್ಟೇ ಆಗುವುದನ್ನು ಕಾಗದದ ಮೇಲೆ ನೋಡುವ ಸಂತೋಷವೇ ಬೇರೆ. ನಡುವಿನ ಎರಡು ಸೊನ್ನೆಗಳನ್ನು ಬಿಡಬೇಡಿ. ಬಿಟ್ಟರೆ 67417 ಎಂಬ ತಪ್ಪು ಉತ್ತರ ಬರುತ್ತದೆ. ಸರಿಯಾದ ಭಾಗಲಬ್ಧ 6700417.

4294967297 = 641 × 6700417

ತಾಳೆ ನೋಡಿ: 641ರ ಅಂಕಿಮೊತ್ತ ಇಳಿದು 2, 6700417ರದ್ದು 7. 2 × 7 = 14, ಅದು 5. ಮೂಲೆಯಲ್ಲಿ ಬರೆದಿಟ್ಟ 5 ಹೊಂದಿತು.

641ಕ್ಕೇ ಈ ಗೌರವ ಏಕೆ ಎಂಬ ಪ್ರಶ್ನೆಗೆ ಸೊಗಸಾದ ಉತ್ತರವಿದೆ. 641ನ್ನು ಎರಡು ಬಗೆಯಲ್ಲಿ ಬರೆಯಬಹುದು: 5 × 2⁷ + 1 ಮತ್ತು 5⁴ + 2⁴. ಮೊದಲನೆಯದರಿಂದ 5 × 2⁷ರ ಶೇಷ −1. ಅದರ ನಾಲ್ಕನೆಯ ಘಾತವಾದ 5⁴ × 2²⁸ರ ಶೇಷ 1. ಎರಡನೆಯದರಿಂದ 5⁴ರ ಜಾಗದಲ್ಲಿ −2⁴ ಇಡಬಹುದು. ಆಗ −2³²ರ ಶೇಷ 1, ಎಂದರೆ 2³² + 1ರ ಶೇಷ ಸೊನ್ನೆ. ಭಾಗಾಕಾರವೇ ಇಲ್ಲದೆ ಎರಡು ಸಾಲಿನಲ್ಲಿ ಮುಗಿಯುವ ಈ ಪುರಾವೆಯನ್ನು ಬಾಯಿಪಾಠ ಮಾಡಿಕೊಂಡರೂ ನಷ್ಟವಿಲ್ಲ.

ಹಂತ 6: ಉಳಿದ ಭಾಗವನ್ನು ಬಿಡಬೇಡಿ

ಭಾಜಕವೊಂದು ಸಿಕ್ಕ ಖುಷಿಯಲ್ಲಿ ಹಲವರು ಇಲ್ಲಿಗೇ ನಿಲ್ಲುತ್ತಾರೆ. 6700417 ಅವಿಭಾಜ್ಯವೇ? ಅದರ ವರ್ಗಮೂಲ ಸುಮಾರು 2588. ಅದರ ಭಾಜಕಗಳು ಮೂಲ ಸಂಖ್ಯೆಯ ಭಾಜಕಗಳೂ ಹೌದು, ಹಾಗಾಗಿ ಅವಕ್ಕೂ 128ರ ನಿಯಮವೇ. 2588ರ ಒಳಗೆ ಆ ಆಕಾರದ ಸಂಖ್ಯೆಗಳು ಇಪ್ಪತ್ತು, ಅವುಗಳಲ್ಲಿ ಅವಿಭಾಜ್ಯಗಳು 257, 641, 769, 1153, 1409 ಐದೇ. 257 ಮೊದಲೇ ಹೋಯಿತು. 641ರಿಂದ ಭಾಗಿಸಿದರೆ ಶೇಷ 44, 769ರಿಂದ 120, 1153ರಿಂದ 334, 1409ರಿಂದ 622. ನಾಲ್ಕು ಭಾಗಾಕಾರದಲ್ಲಿ ಏಳಂಕಿಯ ಸಂಖ್ಯೆಯೊಂದು ಅವಿಭಾಜ್ಯವೆಂದು ಸಿದ್ಧವಾಯಿತು.

ಹಂತ 7: ಭಾಜಕಗಳ ಲೆಕ್ಕ

ಇದು ಬೇಗ ಮುಗಿಯುವ ಕೆಲಸ. ಎರಡು ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧವಾದ್ದರಿಂದ ಭಾಜಕಗಳು ನಾಲ್ಕೇ: 1, 641, 6700417 ಮತ್ತು ಸಂಖ್ಯೆ ತಾನೇ. ಅವುಗಳ ಮೊತ್ತ 642 × 6700418 = 4301668356. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ 6701059, ಸಂಖ್ಯೆಯ ಮುಂದೆ ಅದು ತೀರಾ ಅಲ್ಪ. 1ರಿಂದ ಈ ಸಂಖ್ಯೆಯವರೆಗೆ ಇದರೊಂದಿಗೆ ಸಾಮಾನ್ಯ ಭಾಜಕವಿಲ್ಲದ ಸಂಖ್ಯೆಗಳು 640 × 6700416 = 4288266240.

ಹಂತ 8: ಎರಡು ವರ್ಗಗಳ ಮೊತ್ತವಾಗಿ ಬರೆಯಿರಿ

65536² + 1² ಎಂಬುದು ಕಣ್ಣಿಗೆ ಕಾಣುವ ರೂಪ. ಬೇರೆ ರೂಪವಿದೆಯೇ? ಅವಿಭಾಜ್ಯಗಳನ್ನು ಮೊದಲು ಬಿಡಿಸಿ:

641 = 25² + 4²
6700417 = 2556² + 409²

ಎರಡು ವರ್ಗಗಳ ಮೊತ್ತವನ್ನು ಅಂಥದ್ದೇ ಇನ್ನೊಂದು ಮೊತ್ತದಿಂದ ಗುಣಿಸಿದರೆ ಬರುವುದೂ ಎರಡು ವರ್ಗಗಳ ಮೊತ್ತವೇ. ಈ ನಿತ್ಯಸಮೀಕರಣ ಬ್ರಹ್ಮಗುಪ್ತನ ಹೆಸರಿನಲ್ಲಿ ಪ್ರಸಿದ್ಧ. ಅಡ್ಡಡ್ಡ ಗುಣಿಸಿ: 25 × 2556 = 63900, 4 × 409 = 1636. ಕೂಡಿಸಿದರೆ 65536, ಕಳೆದರೆ 62264. ಇನ್ನೊಂದು ಜೋಡಿ 25 × 409 = 10225, 4 × 2556 = 10224. ಕಳೆದರೆ 1, ಕೂಡಿಸಿದರೆ 20449. ಹೀಗೆ ಎರಡು ರೂಪಗಳು:

65536² + 1² = 62264² + 20449²

10225 ಮತ್ತು 10224 ಒಂದರ ಅಂತರದಲ್ಲಿ ನಿಂತಿರುವುದನ್ನು ಗಮನಿಸಿ. ನಾವು ಕೂಡಿಸಿದ ಆ ಒಂಟಿ 1 ಇಲ್ಲಿ ಈ ವೇಷದಲ್ಲಿ ಬಂದಿದೆ.

ಅವಿಭಾಜ್ಯ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಬರೆಯಲು ಸಾಧ್ಯವಿಲ್ಲ. ಹಾಗಾಗಿ ಎರಡನೆಯ ರೂಪ ಸಿಕ್ಕಿತೆಂದರೆ ಸಂಖ್ಯೆ ಸಂಯುಕ್ತವೆಂದು ಸಾಬೀತಾದಂತೆ. ಇಷ್ಟೇ ಅಲ್ಲ, ಅಪವರ್ತನಗಳನ್ನೂ ಹಿಂದಕ್ಕೆ ಪಡೆಯಬಹುದು. 65536 − 62264 = 3272; 20449 − 1 = 20448. ಇವೆರಡರ ಮ.ಸಾ.ಅ. 8. ಅದರಿಂದ ಭಾಗಿಸಿದರೆ 409 ಮತ್ತು 2556. ಅವುಗಳ ವರ್ಗಗಳ ಮೊತ್ತ 6700417!

ಹಂತ 9: ಭಾಜಕ ಹುಡುಕದೆಯೇ ತೀರ್ಪು ಪಡೆಯುವ ಪರೀಕ್ಷೆ

ಅವಿಭಾಜ್ಯವನ್ನು ಗುರುತಿಸಲು ಫರ್ಮಾನದೇ ಪರೀಕ್ಷೆಯೊಂದಿದೆ: N ಅವಿಭಾಜ್ಯವಾಗಿದ್ದು a ಅದರ ಗುಣಕವಲ್ಲದಿದ್ದರೆ, aಯ N − 1ನೆಯ ಘಾತವನ್ನು Nನಿಂದ ಭಾಗಿಸಿದಾಗ ಶೇಷ 1 ಬರಬೇಕು. ಇಲ್ಲಿ a ಎಂದರೆ 2 ಎಂದು ಇಟ್ಟರೆ ಮೋಸ ಹೋಗುತ್ತೀರಿ. 2⁶⁴ರ ಶೇಷ 1 ಎಂದು ನೋಡಿದೆವು. N − 1 ಎಂದರೆ 2³², ಅದು 64ರ ಗುಣಕ. ಹಾಗಾಗಿ ಶೇಷ 1 ಬಂದೇ ಬರುತ್ತದೆ, ಸಂಖ್ಯೆ ಸಂಯುಕ್ತವಾಗಿದ್ದರೂ. ಫರ್ಮಾನ ಸಾಲಿನ ಎಲ್ಲ ಸಂಖ್ಯೆಗಳೂ 2ರ ಪರೀಕ್ಷೆಯಲ್ಲಿ ಹೀಗೆಯೇ ಪಾಸಾಗುತ್ತವೆ.

3ನ್ನು ಹಿಡಿಯಿರಿ. 3ನ್ನು ವರ್ಗ ಮಾಡಿ, ನಮ್ಮ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಂಡು, ಮತ್ತೆ ವರ್ಗ ಮಾಡಿ… ಹೀಗೆ 32 ಬಾರಿ. 1877ರ ಪೆಪಾಂ ಪರೀಕ್ಷೆ 31ನೆಯ ಬಾರಿಗೇ ತೀರ್ಪು ಕೊಡುತ್ತದೆ: ಸಂಖ್ಯೆ ಅವಿಭಾಜ್ಯವಾಗಿದ್ದರೆ ಆಗ ಶೇಷ −1, ಅಂದರೆ 4294967296 ಇರಬೇಕಿತ್ತು. ಬರುವುದು 10324303. ಕೊನೆಯ ಹೆಜ್ಜೆಯನ್ನು ನೀವೇ ಪರೀಕ್ಷಿಸಿ: 10324303ರ ವರ್ಗ 106591232435809, ನಮ್ಮ ಸಂಖ್ಯೆಯಿಂದ ಭಾಗಿಸಿದರೆ ಭಾಗಲಬ್ಧ 24817, ಶೇಷ 3029026160. ಅದು 1 ಅಲ್ಲ. 32 ವರ್ಗಗಳನ್ನು ಕೈಯಲ್ಲಿ ಮಾಡಲು ಒಂದು ದಿನ ಹಿಡಿಯಬಹುದು, ಆದರೆ ಅಸಾಧ್ಯವೇನಲ್ಲ. ಫರ್ಮಾನ ಕೈಯಲ್ಲೇ ಇದ್ದ ಈ ಉಪಕರಣವನ್ನು 3ರೊಂದಿಗೆ ಬಳಸಿದ್ದರೆ ಅವನ ನಂಬಿಕೆ ಅಂದೇ ಮುರಿಯುತ್ತಿತ್ತು ಎಂದು ನೆನೆದಾಗಲೆಲ್ಲ ನನಗೆ ಮನಸ್ಸು ಭಾರವಾಗುತ್ತದೆ.

ಹಂತ 10: ರೇಖಾಗಣಿತದತ್ತ ಒಂದು ನೋಟ

1796ರಲ್ಲಿ ಗೌಸ್ 17 ಬಾಹುಗಳ ನಿಯಮಿತ ಬಹುಭುಜಾಕೃತಿಯನ್ನು ಅಳತೆಪಟ್ಟಿಯ ಗುರುತುಗಳಿಲ್ಲದೆ, ನೇರ ಪಟ್ಟಿ ಮತ್ತು ಕೈವಾರದಿಂದಲೇ ರಚಿಸಬಹುದೆಂದು ಕಂಡುಕೊಂಡ. ಬಾಹುಗಳ ಸಂಖ್ಯೆಯನ್ನು ಬಿಡಿಸಿದಾಗ 2ರ ಘಾತವೂ, ಒಂದೊಂದೇ ಬಾರಿ ಬರುವ ಫರ್ಮಾ ಅವಿಭಾಜ್ಯಗಳೂ ಮಾತ್ರ ಇದ್ದರೆ ರಚನೆ ಸಾಧ್ಯ. ಇಲ್ಲದಿದ್ದರೆ ಸಾಧ್ಯವಿಲ್ಲ ಎಂಬುದನ್ನು 1837ರಲ್ಲಿ ವಾಂಟ್ಸೆಲ್ ಸಿದ್ಧಪಡಿಸಿದ. ಈ ನಿಯಮವನ್ನು ನಮ್ಮ ಮೂರು ಅಕ್ಕಪಕ್ಕದ ಸಂಖ್ಯೆಗಳಿಗೆ ಹಚ್ಚಿ. 4294967295 ಐದೂ ಫರ್ಮಾ ಅವಿಭಾಜ್ಯಗಳ ಗುಣಲಬ್ಧ, ಹಾಗಾಗಿ ತತ್ತ್ವತಃ ರಚಿಸಬಹುದು. 4294967296 ಬರಿಯ 2ರ ಘಾತ, ಅದನ್ನೂ ರಚಿಸಬಹುದು. 4294967297 ಮಾತ್ರ ಸಾಧ್ಯವಿಲ್ಲ, ಏಕೆಂದರೆ 641 ಫರ್ಮಾ ಅವಿಭಾಜ್ಯವಲ್ಲ.

ಮುಂದಿನ ಅಭ್ಯಾಸಕ್ಕೆ

ಸಾಲಿನ ಏಳನೆಯ ಸಂಖ್ಯೆ 2⁶⁴ + 1 = 18446744073709551617. ಲ್ಯೂಕಾನ ನಿಯಮದಂತೆ ಇದರ ಅವಿಭಾಜ್ಯ ಭಾಜಕಗಳು 256ರ ಗುಣಕಕ್ಕೆ 1 ಕೂಡಿಸಿದವು. ಇಲ್ಲಿ ಬೇಗ ಸಿಗುವುದಿಲ್ಲ. 1071ನೆಯ ಗುಣಕದವರೆಗೆ ಹೋಗಬೇಕು, ಆಗ 274177 ಸಿಗುತ್ತದೆ. 1880ರಲ್ಲಿ ಲಾಂಡ್ರಿ ಎಂಬ ಫ್ರೆಂಚ್ ಗಣಿತಜ್ಞ ತನ್ನ 82ನೆಯ ವಯಸ್ಸಿನಲ್ಲಿ ಇದನ್ನು ಬಿಡಿಸಿ 274177 × 67280421310721 ಎಂದು ತೋರಿಸಿದ. ಐದನೆಯ ಹಂತದ ಮೊದಲ ರೀತಿಯಲ್ಲೇ ಇದನ್ನು ತಾಳೆ ನೋಡಬಹುದು: 4294967296ನ್ನು 274177ರಿಂದ ಭಾಗಿಸಿದರೆ ಶೇಷ 258768, ಅಂದರೆ ಪೂರ್ತಿಗೆ 15409 ಕಡಿಮೆ. 15409ರ ವರ್ಗಕ್ಕೆ ಒಂದು ಕೂಡಿಸಿದರೆ 237437282. ಅದು 274177 × 866.